ರಾಗಿ ಜೀನ್‌ಗೆ ಕ್ಯೂಪಿಸಿಆರ್ ಪ್ರೈಮರ್: ಸಾಫ್ಟ್‌ವೇರ್ ಪಾಸ್ ಮಾಡಿದ್ದನ್ನು ಪ್ಲೇಟ್ ಫೇಲ್ ಮಾಡಿತು

ರಾಗಿಕಣ · ಸೋಮವಾರ, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷ, ಬೆಳೆ ರಾಗಿ, ತಳಿ ಜಿಪಿಯು-28. ನೀರು ನಿಲ್ಲಿಸಿದ ಗಿಡದ ಎಲೆಯಲ್ಲಿ ಡ್ರೆಬ್ ಕುಟುಂಬದ (ಬರದಲ್ಲಿ ಬೇರೆ ಜೀನ್‌ಗಳನ್ನು ಎಬ್ಬಿಸುವ ಜೀನ್‌ಗಳು) ಒಂದು ಜೀನ್ ಎಷ್ಟು ಪಟ್ಟು ಏರುತ್ತದೆ ಅಂತ ಅಳೆಯಬೇಕು. ವಿಧಾನ ಕ್ಯೂಪಿಸಿಆರ್: ಪ್ರೈಮರ್ ಅನ್ನೋ ಎರಡು ಚಿಕ್ಕ ಡಿಎನ್‌ಎ ತುಂಡುಗಳ ನಡುವಿನ ಭಾಗವನ್ನು ಸೈಕಲ್‌ನಿಂದ ಸೈಕಲ್‌ಗೆ ನಕಲು ಮಾಡುತ್ತಾ, ಡಿಎನ್‌ಎಗೆ ಅಂಟಿ ಹೊಳೆಯುವ ಸೈಬರ್ ಗ್ರೀನ್ ಬಣ್ಣದಿಂದ ಅಳೆಯುವುದು.

ಜೆನ್‌ಬ್ಯಾಂಕ್‌ನಲ್ಲಿ (ಸೀಕ್ವೆನ್ಸ್‌ಗಳ ಸಾರ್ವಜನಿಕ ಸಂಗ್ರಹ) ಸಿಕ್ಕ ಸೀಕ್ವೆನ್ಸನ್ನು, ಪ್ರೈಮರ್ ಆರಿಸಿಕೊಡುವ ಪ್ರೈಮರ್-ಬ್ಲಾಸ್ಟ್ ಸಾಫ್ಟ್‌ವೇರ್‌ಗೆ ಹಾಕಿದೆ. ಮೊದಲ ಸಲ ಒಂದು ಜೋಡಿಯೂ ಸಿಗಲಿಲ್ಲ. ಒಂದೆರಡು ಷರತ್ತು ಸಡಿಲ ಮಾಡಿದ ಮೇಲೆ ಐದು ಜೋಡಿ ಕೊಟ್ಟಿತು, ಮೊದಲನೆಯದನ್ನೇ ಆರ್ಡರ್ ಮಾಡಿದೆ. 118 ಬೇಸ್ ಪೇರ್‌ನ ತುಂಡು, ಎರಡೂ ಪ್ರೈಮರ್‌ಗೆ ಟಿಎಂ (ಅಂಟಿಕೊಂಡ ಪ್ರತಿಗಳಲ್ಲಿ ಅರ್ಧದಷ್ಟು ಬಿಚ್ಚಿಕೊಳ್ಳುವ ಉಷ್ಣಾಂಶ) 60ರ ಆಸುಪಾಸು. ನೋಡೋಕೆ ಎಲ್ಲ ಸರಿಯಿತ್ತು.

ಈಗ ಪ್ಲೇಟಿನ ಕಥೆ. ಸ್ಯಾಂಪಲ್‌ಗಳ ಸಿಟಿ, ಅಂದರೆ ಹೊಳಪು ಗಡಿ ದಾಟಿದ ಸೈಕಲ್, 26ರಿಂದ 30. ಟೆಂಪ್ಲೇಟ್ (ನಕಲಾಗಬೇಕಾದ ಡಿಎನ್‌ಎ) ಇಲ್ಲದೆ ನೀರು ಮಾತ್ರ ಹಾಕಿದ ಎನ್‌ಟಿಸಿಯಲ್ಲೂ 33ಕ್ಕೆ ಗೆರೆ ಮೇಲೆದ್ದಿತು. ಕೊನೆಗೆ ಬಿಸಿ ಏರಿಸುತ್ತಾ ತುಂಡುಗಳು ಯಾವಾಗ ಬಿಚ್ಚಿಕೊಳ್ಳುತ್ತವೆ ಅಂತ ನೋಡುವ ಮೆಲ್ಟ್ ಕರ್ವ್‌ನಲ್ಲಿ 86 ಡಿಗ್ರಿಗೆ ದೊಡ್ಡ ಶಿಖರ, 77ರ ಹತ್ತಿರ ಒಂದು ಗೂನು. ಹತ್ತತ್ತು ಪಟ್ಟು ತೆಳು ಮಾಡುತ್ತಾ ಹಾಕಿದ ಸ್ಟ್ಯಾಂಡರ್ಡ್ ಕರ್ವ್‌ನ ಸ್ಲೋಪ್ −2.8. ಮಷಿನ್ ಲೆಕ್ಕದಲ್ಲಿ ಎಫಿಷಿಯೆನ್ಸಿ (ಪ್ರತಿ ಸೈಕಲ್‌ಗೆ ಸರಿಯಾಗಿ ಇಮ್ಮಡಿಯಾದರೆ ಶೇ. 100) ಶೇ. 128. ಲ್ಯಾಬಿನ ಸೀನಿಯರ್ ಒಬ್ಬರು ನೋಡಿ "ನೂರಕ್ಕಿಂತ ಜಾಸ್ತಿ ಬಂದಿದೆಯಲ್ಲಮ್ಮ, ಒಳ್ಳೇದೇ ಆಯ್ತು" ಅಂದರು. ನನಗೆ ಯಾಕೋ ಸಮಾಧಾನ ಇಲ್ಲ. ಎಲ್ಲಿ ತಪ್ಪಿದೆ?

ಬಯೋಟೆಕ್_ಬಸವ · ಸೋಮವಾರ, ರಾತ್ರಿ 10:58

ಅಲ್ರೀ ಮೇಡಂ, ಇಷ್ಟಕ್ಕ ಯಾಕ ತಲಿ ಕೆಡಿಸ್ಕೊಂಡೀರಿ? ಅನೀಲಿಂಗ್ (ಪ್ರೈಮರ್ ಅಂಟೂ ಉಷ್ಣಾಂಶ) 60 ಇದ್ರ 62 ಮಾಡ್ರಿ, ಪ್ರೈಮರ್ ಅರ್ಧಕ್ಕ ಇಳಸ್ರಿ. ಗೂನು ಹೋಗ್ತದ. ನಾವ್ ಧಾರವಾಡದಾಗ ಹಿಂಗ ಮಾಡೇ ಥೀಸಿಸ್ ಬರದ್ವಿ.

ನೇರಳೆಟ್ಯೂಬ್ · ಸೋಮವಾರ, ರಾತ್ರಿ 11:20

ಎರಡು ಶಿಖರ ಕಂಡ ಕೂಡಲೇ ಎರಡು ಪ್ರಾಡಕ್ಟ್ ಅಂತ ತೀರ್ಮಾನಿಸಬೇಡಿ. ಒಂದೇ ತುಂಡಿನಲ್ಲಿ ಒಂದು ಭಾಗ ಎಟಿ ಜಾಸ್ತಿ, ಇನ್ನೊಂದು ಭಾಗ ಜಿಸಿ ಜಾಸ್ತಿ ಇದ್ದರೆ ಅದು ಎರಡು ಹಂತದಲ್ಲಿ ಬಿಚ್ಚಿಕೊಳ್ಳುತ್ತದೆ, ಆಗಲೂ ಗೂನು ಕಾಣುತ್ತದೆ. ಯುಮೆಲ್ಟ್ ಅನ್ನೋ ಉಚಿತ ಸಾಫ್ಟ್‌ವೇರ್‌ಗೆ 118 ಬೇಸಿನ ಸೀಕ್ವೆನ್ಸ್ ಹಾಕಿದರೆ ಕರ್ವ್ ಹೇಗಿರಬೇಕು ಅಂತ ಲೆಕ್ಕ ಹಾಕಿ ತೋರಿಸುತ್ತದೆ. ಜೊತೆಗೆ ಪ್ಲೇಟಿನ ಪ್ರಾಡಕ್ಟನ್ನೇ ಒಂದು ಅಗರೋಸ್ ಜೆಲ್ ಓಡಿಸಿ.

ಆದರೆ ನಿಮ್ಮ ಎನ್‌ಟಿಸಿಯ ಶಿಖರ ಎಷ್ಟು ಡಿಗ್ರಿಗೆ ಬಂತು? ಅದೂ 77 ಆದರೆ ನಾನು ಹೇಳಿದ್ದು ಮರೆತುಬಿಡಿ, ಅದು ಡೈಮರ್, ಪ್ರೈಮರ್‌ಗಳು ಒಂದಕ್ಕೊಂದು ಅಂಟಿ ಹುಟ್ಟಿದ ತುಂಡು.

ಹಳೇಪಿಪೆಟ್ · ಮಂಗಳವಾರ, ಬೆಳಿಗ್ಗೆ 6:15

ಬಸವಣ್ಣ, 62 ಮಾಡಿದರೆ ರೋಗದ ಚಿಹ್ನೆ ಮುಚ್ಚಿಹೋಗಬಹುದು. ಮೊದಲು ರೋಗ ಯಾವುದು ಅಂತ ನೋಡೋಣ.

ತಂಗಿ, ನಾಲ್ಕು ವಿಷಯ ಹೇಳು. ಎನ್‌ಟಿಸಿಯ ಮೆಲ್ಟ್ ಎಷ್ಟು? ಪ್ರೈಮರ್‌ಗಳ 3' ತುದಿಯ (ನಕಲು ಶುರುವಾಗುವ ತುದಿ) ಕೊನೆಯ ಐದಾರು ಬೇಸ್ ಏನು? ಪ್ರೈಮರ್-ಬ್ಲಾಸ್ಟ್‌ನಲ್ಲಿ ಯಾವ ಷರತ್ತು ಸಡಿಲಿಸಿದೆ? ಫಲಿತಾಂಶದ ಪುಟದಲ್ಲಿ ತೀರಾ ಮೇಲ್ಗಡೆ, ಪ್ರೈಮರ್‌ಗಳು ಶುರುವಾಗೋ ಮುಂಚೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಅದರಲ್ಲಿ ಏನು ಬರೆದಿದೆ?

ರಾಗಿಕಣ · ಮಂಗಳವಾರ, ಬೆಳಿಗ್ಗೆ 9:03

ಸರ್, ಪುಟ ಸೇವ್ ಮಾಡಿಟ್ಟಿದ್ದೆ, ಪುಣ್ಯ.

ಎನ್‌ಟಿಸಿ ಮೆಲ್ಟ್ 77. ಫಾರ್ವರ್ಡ್ ಪ್ರೈಮರಿನ ಕೊನೆ ಎ-ಟಿ-ಜಿ-ಜಿ-ಸಿ-ಸಿ. ಸಡಿಲಿಸಿದ್ದು ಪ್ರೈಮರ್ ತನಗೆ ತಾನೇ ಅಂಟಿಕೊಳ್ಳುವ ಮಿತಿಗಳನ್ನು. ಟೇಬಲ್‌ನಲ್ಲಿ 3' ತುದಿಯ ಸ್ವ-ಪೂರಕತೆ ಕಾಲಂನಲ್ಲಿ 4.00 ಅಂತಿದೆ.

ಆ ಸಣ್ಣ ಅಕ್ಷರದ ಸಾಲು ಈಗ ಓದಿದೆ. "ಆಯ್ದ ಡೇಟಾಬೇಸ್‌ನಲ್ಲಿ ಬೇರೆ ಗುರಿಗಳು ಸಿಗದ ಕಾರಣ ಈ ಪ್ರೈಮರ್‌ಗಳು ನಿಮ್ಮ ಟೆಂಪ್ಲೇಟ್‌ಗೆ ಮಾತ್ರ ಸೀಮಿತ" ಅನ್ನೋ ಅರ್ಥದ ವಾಕ್ಯ. ಡೇಟಾಬೇಸ್ ಮುಂದೆ: ರೆಫ್‌ಸೀಕ್ ಎಂಆರ್‌ಎನ್‌ಎ, ಜೀವಿ: ಹೋಮೋ ಸೇಪಿಯನ್ಸ್.

ಅಯ್ಯೋ.

ನೇರಳೆಟ್ಯೂಬ್ · ಮಂಗಳವಾರ, ಬೆಳಿಗ್ಗೆ 9:11

ಅಂದರೆ ನಿಮ್ಮ ಪ್ರೈಮರ್ ರಾಗಿ ತಿನ್ನುವವರ ಮೇಲೆ ಪರೀಕ್ಷೆ ಆಗಿದೆ, ರಾಗಿ ಮೇಲೆ ಆಗಿಲ್ಲ 😄

ಬೇಜಾರು ಮಾಡ್ಕೋಬೇಡಿ. ಆ ಡಬ್ಬಿಯಲ್ಲಿ ಮನುಷ್ಯನ ಹೆಸರು ಮೊದಲೇ ತುಂಬಿರುತ್ತದೆ, ನಾವೇ ಅಳಿಸಬೇಕು. ಈ ಗುಂಡಿಗೆ ಬೀಳದೆ ಗಿಡದ ಕೆಲಸ ಕಲಿತವರನ್ನು ನಾನು ನೋಡಿಲ್ಲ.

ಹಳೇಪಿಪೆಟ್ · ಮಂಗಳವಾರ, ಮಧ್ಯಾಹ್ನ 1:40

ಊಟದ ಹೊತ್ತು, ಸ್ವಲ್ಪ ಉದ್ದ ಬರೀತೀನಿ.

ಮೊದಲು ಆ ಜಿ-ಜಿ-ಸಿ-ಸಿ. ಒಂದು ಚೀಟಿಯಲ್ಲಿ ಬರೆದು, ಪೂರಕ ಬೇಸ್‌ಗಳನ್ನು ಕೆಳಗೆ ಬರೆದು, ಬಲದಿಂದ ಎಡಕ್ಕೆ ಓದು. ಮತ್ತೆ ಜಿ-ಜಿ-ಸಿ-ಸಿ ಬರುತ್ತದೆ. "ವಿಕಟಕವಿ" ಇದ್ದ ಹಾಗೆ. ಟ್ಯೂಬಿನಲ್ಲಿ ಇದೇ ಪ್ರೈಮರಿನ ಕೋಟ್ಯಂತರ ಪ್ರತಿಗಳಿವೆ. ಎರಡು ಪ್ರತಿಗಳು ಎದುರುಬದುರಾಗಿ ನಿಂತರೆ ಬಾಲಕ್ಕೆ ಬಾಲ ಕಚ್ಚಿಕೊಳ್ಳುತ್ತವೆ, ಅದೂ ನಾಲ್ಕೂ ಬಿಗಿಯಾದ ಜಿಸಿ ಜೋಡಿ. ಡಿಎನ್‌ಎ ನಕಲು ಮಾಡುವ ಎನ್‌ಝೈಮ್ ಪಾಲಿಮರೇಸ್‌ಗೆ ಬೇಕಾದದ್ದು ಕೂತಿರುವ 3' ತುದಿ ಮಾತ್ರ. ಸಿಕ್ಕಿತು, ತುಂಬಿಸಿತು, ಸುಮಾರು ಪ್ರೈಮರಿನ ಎರಡರಷ್ಟು ಉದ್ದದ ಪುಟ್ಟ ತುಂಡು ಹುಟ್ಟಿತು. ನಿನ್ನ 77 ಡಿಗ್ರಿಯ ಗೂನು ಅದೇ. ಸಾಫ್ಟ್‌ವೇರ್ ಮೊದಲ ಸಲ ಪ್ರೈಮರ್ ಕೊಡದೆ ಇದ್ದದ್ದು ಸುಮ್ಮನೆ ಅಲ್ಲ. ಅದು ಬೇಡ ಅಂದದ್ದನ್ನು ನೀನು ಒಪ್ಪಿಸಿದೆ, 4.00 ಅಂತ ಬರೆದೂ ಕೊಟ್ಟಿತು.

ಈಗ ಆ 128. ಹತ್ತು ಪಟ್ಟು ತೆಳು ಮಾಡಿದರೆ, ಪ್ರತಿ ಸೈಕಲ್‌ಗೆ ಸರಿಯಾಗಿ ಇಮ್ಮಡಿ ಆಗುವ ಪ್ರೈಮರ್‌ಗೆ 3.32 ಸೈಕಲ್ ತಡವಾಗಬೇಕು. ನಿನ್ನದು 2.8 ಮಾತ್ರ ತಡವಾಯಿತು. ತುಂಬಾ ತೆಳುವಾದ ಟ್ಯೂಬ್‌ಗಳಲ್ಲಿ ಟೆಂಪ್ಲೇಟ್ ಕಡಿಮೆ, ಡೈಮರ್ ಜೋರು. ಸೈಬರ್ ಗ್ರೀನ್‌ಗೆ ಯಾವ ಡಿಎನ್‌ಎ ಆದರೂ ಒಂದೇ, ಎರಡೆಳೆ ಇದ್ದರೆ ಹೊಳೆಯುತ್ತದೆ. ಹಾಗಾಗಿ ಹಿಂದೆ ಬೀಳಬೇಕಾದ ಬಿಂದುಗಳು ಡೈಮರಿನ ಹೆಗಲೇರಿ ಮುಂದೆ ಬಂದವು, ಗೆರೆ ಚಪ್ಪಟೆಯಾಯಿತು. ಶೇ. 128 ಅಂದರೆ ಒಂದು ಪ್ರತಿಯಿಂದ ಎರಡೂಕಾಲಕ್ಕಿಂತ ಜಾಸ್ತಿ ಹುಟ್ಟಬೇಕು, ಅದು ಆಗದ ಮಾತು. ಸಾಮಾನ್ಯವಾಗಿ ಒಪ್ಪುವುದು ಶೇ. 90ರಿಂದ 110, ಅಂದರೆ ಸ್ಲೋಪ್ −3.58ರಿಂದ −3.10. ಪಾಲಿಫೀನಾಲ್ ತುಂಬಿದ ಎಲೆ ಸ್ಯಾಂಪಲ್‌ಗಳಲ್ಲಿ ಇನ್ನೊಂದು ಕಾರಣವೂ ಇರುತ್ತದೆ: ಗಟ್ಟಿ ಸ್ಯಾಂಪಲ್‌ನಲ್ಲಿ ರಿಯಾಕ್ಷನ್ ತಡೆಯುವ ಕಸ ಇದ್ದು ಮೊದಲ ಬಿಂದು ತಡವಾಗುತ್ತದೆ, ಆಗಲೂ ಗೆರೆ ಚಪ್ಪಟೆ. ನಿನಗೆ ಎನ್‌ಟಿಸಿ ಸಾಕ್ಷಿ ಹೇಳಿದೆ, ಆದ್ದರಿಂದ ಮೊದಲ ಆರೋಪಿ ಡೈಮರೇ.

ನಿನ್ನ ಸೀನಿಯರ್‌ಗೆ ನಮಸ್ಕಾರ ತಿಳಿಸು.

ಇಷ್ಟಾದರೂ ನನಗೆ ಹೆಚ್ಚು ಕಾಡುತ್ತಿರುವುದು ಡೈಮರ್ ಅಲ್ಲ. ಆ 118 ಬೇಸಿನ ತುಂಡು ಜೀನಿನ ಯಾವ ಭಾಗದ್ದು?

ರಾಗಿಕಣ · ಮಂಗಳವಾರ, ಮಧ್ಯಾಹ್ನ 2:25

ಜೆನ್‌ಬ್ಯಾಂಕ್‌ನಲ್ಲಿ ಪೂರ್ತಿ ಜೀನ್ ಇರಲಿಲ್ಲ ಸರ್, ಭಾಗಶಃ ಸಿಡಿಎಸ್ (ಪ್ರೋಟೀನ್ ಆಗುವ ಭಾಗ) ಇತ್ತು. ಅದರ ನಡುವೆ... ಎಪಿ2 ಡೊಮೇನ್ ಒಳಗೆ.

ಹಳೇಪಿಪೆಟ್ · ಮಂಗಳವಾರ, ಮಧ್ಯಾಹ್ನ 2:31

ಅದೇ ಭಯ ಇತ್ತು.

ಎಪಿ2 ಡೊಮೇನ್ ಅಂದರೆ ಆ ಕುಟುಂಬದ ಮನೆಹೆಸರು. ಸುಮಾರು 60 ಅಮೈನೋ ಆಸಿಡ್, ಡಿಎನ್‌ಎ ಹಿಡಿಯುವ ಭಾಗ, ದಾಯಾದಿಗಳೆಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಭತ್ತದಲ್ಲಿ, ಅರಾಬಿಡಾಪ್ಸಿಸ್‌ನಲ್ಲಿ ಈ ದೊಡ್ಡ ಕುಟುಂಬದ ಸದಸ್ಯರು ನೂರಕ್ಕೂ ಹೆಚ್ಚು. "ಗೌಡ್ರೇ" ಅಂತ ಕೂಗಿದರೆ ಊರಲ್ಲಿ ಎಷ್ಟು ಜನ ತಿರುಗಿ ನೋಡ್ತಾರೆ? ನಿನ್ನ ಪ್ರೈಮರ್ ಕೂಗಿದ್ದು ಹಾಗೆ. 86 ಡಿಗ್ರಿಯ ಶಿಖರ ಚೂಪಾಗಿದೆ ಅಂತ ಧೈರ್ಯ ಬೇಡ. ದಾಯಾದಿ ಜೀನಿನ ತುಂಡೂ ಅದೇ ಉದ್ದ, ಅಷ್ಟೇ ಜಿಸಿ ಇದ್ದರೆ ಅಲ್ಲೇ ಕರಗುತ್ತದೆ.

ಜೀನಿನ ಬಾಲದ ಕಡೆ ಹೋಗು. ಸಿಡಿಎಸ್‌ನ ಕೊನೆ, ಆಗದಿದ್ದರೆ 3' ಯುಟಿಆರ್, ಅಂದರೆ ಸಿಡಿಎಸ್ ಮುಗಿದ ಮೇಲಿನ ಪ್ರೋಟೀನ್ ಆಗದ ಭಾಗ. ಹುಲ್ಲಿನ ಜಾತಿಯ ಬೆಳೆಗಳ ಜೀನ್‌ಗಳಲ್ಲಿ ಜಿಸಿ 5' ಕಡೆ ಜಾಸ್ತಿ, ಬಾಲದ ಕಡೆಗೆ ಇಳಿಯುತ್ತಾ ಬರುತ್ತದೆ. ಹಾಗಾಗಿ ಅಲ್ಲಿ ಪ್ರೈಮರ್ ಸಿಗುವುದೂ ಸುಲಭ, ದಾಯಾದಿಗಳ ಸೀಕ್ವೆನ್ಸ್ ಬೇರೆಯಾಗುವುದೂ ಅಲ್ಲೇ. ಎಂಆರ್‌ಎನ್‌ಎಯ ಬಾಲಕ್ಕೆ ಅಂಟುವ ಒಲಿಗೋ-ಡಿಟಿ ಹಾಕಿ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ನಕಲು) ಮಾಡುತ್ತಿದ್ದರೆ ಆ ತುದಿ ಮೊದಲು ನಕಲಾಗುತ್ತದೆ, ಅದೂ ಲಾಭ.

ಇನ್ನೊಂದು, ಈ ಕುಟುಂಬದ ಬಹಳಷ್ಟು ಜೀನ್‌ಗಳಲ್ಲಿ ಇಂಟ್ರಾನೇ (ಎಂಆರ್‌ಎನ್‌ಎ ಆಗುವಾಗ ಕತ್ತರಿಸಿಹೋಗುವ ಭಾಗ) ಇಲ್ಲ. ಇಂಟ್ರಾನ್ ಆಚೀಚೆ ಪ್ರೈಮರ್ ಇಟ್ಟು ಜೀನೋಮಿಕ್ ಡಿಎನ್‌ಎಯನ್ನು ದೂರವಿಡುವ ಉಪಾಯ ನಿನಗೆ ಸಿಗದೆ ಹೋಗಬಹುದು. ಡಿಎನ್‌ಎ ಕಡಿದುಹಾಕುವ ಡಿಎನ್‌ಏಸ್ ಸರಿಯಾಗಿ ಮಾಡು, ಪ್ರತಿ ಸ್ಯಾಂಪಲ್‌ಗೂ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಸಿಡಿಎನ್‌ಎ ಮಾಡುವ ಎನ್‌ಝೈಮ್) ಹಾಕದ ಒಂದು ವೆಲ್ ಇಡು.

ಬಯೋಟೆಕ್_ಬಸವ · ಮಂಗಳವಾರ, ಸಂಜೆ 5:50

ಸರ್, ನೀವ್ ಹೇಳೂದು ಖರೇ ಅದ. ಆದ್ರ ಇಷ್ಟೆಲ್ಲಾ ಯಾಕ ಬೇಕ್ರಿ? ಯಾರರೇ ರಾಗಿ ಮ್ಯಾಲ ಪೇಪರ್ ಬರದಿರ್ತಾರ, ಅದರಾಗಿನ ಪ್ರೈಮರ್ ತಗೊಂಡ್ ಆರ್ಡರ್ ಹಾಕ್ರಿ. ಎಫಿಷಿಯೆನ್ಸಿ 90 ಇರ್ಲಿ 100 ಇರ್ಲಿ, ಡೆಲ್ಟಾ-ಡೆಲ್ಟಾದಾಗ (ರೆಫರೆನ್ಸ್ ಜೀನಿನ ಸಿಟಿ, ಕಂಟ್ರೋಲ್ ಗಿಡದ ಸಿಟಿ ಕಳಿಯೂ ಲೆಕ್ಕ) ಎಲ್ಲಾ ಕಳದು ಹೋಗ್ತದಲ್ಲ.

ನೇರಳೆಟ್ಯೂಬ್ · ಮಂಗಳವಾರ, ಸಂಜೆ 6:34

ಕಳೆದು ಹೋಗಲ್ಲ ಬಸವಣ್ಣ. ಕ್ಯಾಲ್ಕುಲೇಟರ್ ತಗೊಳ್ಳಿ. ಒಂದು ಪ್ರೈಮರ್ ಸೈಕಲ್‌ಗೆ 2 ಪಟ್ಟು, ಇನ್ನೊಂದು 1.9 ಪಟ್ಟು. 25 ಸೈಕಲ್ ಆದ ಮೇಲೆ ಅವೆರಡರ ನಡುವಿನ ಅಂತರ 2/1.9ರ 25ನೇ ಘಾತ, ಅಂದರೆ 3.6 ಪಟ್ಟು. ಟ್ರೀಟ್ಮೆಂಟ್, ಕಂಟ್ರೋಲ್ ಎರಡರ ಸಿಟಿಯೂ ಹತ್ತಿರ ಇದ್ದರೆ ಇದರಲ್ಲಿ ಬಹುಪಾಲು ವಜಾ ಆಗುತ್ತದೆ, ನಿಜ. ಸಿಟಿಗಳು ದೂರ ಸರಿದಷ್ಟೂ ತಪ್ಪು ಬೆಳೆಯುತ್ತದೆ. ನೀವು ಹೇಳುವ ಡೆಲ್ಟಾ-ಡೆಲ್ಟಾ, ಅಂದರೆ 2001ರ ಲಿವಾಕ್ ವಿಧಾನ, ನಿಂತಿರುವುದೇ ಎರಡೂ ಪ್ರೈಮರ್ ಜೋಡಿಗಳ ಎಫಿಷಿಯೆನ್ಸಿ ಹೆಚ್ಚುಕಡಿಮೆ ಸಮ ಅನ್ನೋ ಷರತ್ತಿನ ಮೇಲೆ. ಸಮ ಇಲ್ಲದಿದ್ದರೆ ಅದೇ ವರ್ಷ ಬಂದ, ಎಫಿಷಿಯೆನ್ಸಿಯನ್ನೂ ಸೇರಿಸಿಕೊಳ್ಳುವ ಫಾಫಲ್ ಲೆಕ್ಕ ಹಾಕಿ.

ಪೇಪರಿನ ಪ್ರೈಮರ್ ತಗೊಳ್ಳಿ, ತಪ್ಪಿಲ್ಲ. ಆದರೆ ಅಚ್ಚಿನ ತಪ್ಪು ಎಷ್ಟು ಇರುತ್ತೆ ಗೊತ್ತಾ? ಬ್ಲಾಸ್ಟ್ ಮಾಡಿ, ದಿಕ್ಕು ನೋಡಿ, ನಿಮ್ಮ ಮಷಿನ್‌ನಲ್ಲಿ ಕರ್ವ್ ಮತ್ತೆ ಹಾಕಿ. ಕ್ಯೂಪಿಸಿಆರ್ ಪ್ರಯೋಗಗಳಿಗಿರುವ 2009ರ ಎಂಐಕ್ಯೂಇ ಮಾರ್ಗಸೂಚಿಯೂ ಅದನ್ನೇ ಕೇಳಿತ್ತು, 2025ರ ಹೊಸ ಆವೃತ್ತಿಯೂ ಬಿಟ್ಟಿಲ್ಲ.

ದಿಕ್ಕು ಅಂದಾಗ ನೆನಪಾಯ್ತು. ಎಂಎಸ್‌ಸಿಯಲ್ಲಿ ನಾನು ರಿವರ್ಸ್ ಪ್ರೈಮರನ್ನು ಸೀಕ್ವೆನ್ಸಿನಲ್ಲಿ ಇದ್ದ ಹಾಗೆಯೇ ಎಡದಿಂದ ಬಲಕ್ಕೆ ಕಾಪಿ ಹೊಡೆದು ಆರ್ಡರ್ ಮಾಡಿದ್ದೆ. ಎರಡೂ ಪ್ರೈಮರ್ ಮೈಸೂರಿಗೇ ಹೊರಟ ಬಸ್ಸು, ಎದುರಿನಿಂದ ಯಾರೂ ಬರಲಿಲ್ಲ. ಒಂದು ತಿಂಗಳು ಮಾಸ್ಟರ್ ಮಿಕ್ಸ್ ಬದಲಾಯಿಸಿದೆ, ಮ್ಯಾಗ್ನೀಷಿಯಂ ಬದಲಾಯಿಸಿದೆ, ಕೊನೆಗೆ ಮಷಿನ್ ಕೆಟ್ಟಿದೆ ಅಂತ ದೂರು ಬರೆದೆ. ಎರಡನೇ ಸಲ ಆರ್ಡರ್ ಮಾಡುವಾಗ ತಿರುಗಿಸಿದೆ, ಪೂರಕ ಮಾಡೋದು ಮರೆತೆ.

ಬಯೋಟೆಕ್_ಬಸವ · ಮಂಗಳವಾರ, ಸಂಜೆ 6:40

ಹಹ್ಹಾ, ಇದಕ್ಕ ನಾ ಏನೂ ಮಾತಾಡಂಗಿಲ್ಲ. ನಂದೂ ಒಂದ್ಸಲ ಹಂಗ ಆಗೇದ.

ರೈನ್_ದಂಡೆ · ಮಂಗಳವಾರ, ರಾತ್ರಿ 11:55

ಜರ್ಮನಿಯಿಂದ. ಟಿಎಂ 60 ಅಂತ ಬರೆದಿದ್ದೀರಿ, ಯಾವ ಸಾಫ್ಟ್‌ವೇರ್‌ನ 60?

ಇದು ಕಿತಾಪತಿಯ ಪ್ರಶ್ನೆ ಅಲ್ಲ. ಟಿಎಂ ಪ್ರೈಮರಿನ ಸ್ವಂತ ಗುಣ ಅಂತ ನಾವು ಅಂದುಕೊಳ್ಳುತ್ತೇವೆ, ಅದು ಪ್ರೈಮರ್ ಮತ್ತು ಅದರ ಸುತ್ತಲಿನ ಉಪ್ಪುನೀರು ಸೇರಿ ಆಗುವ ಸಂಖ್ಯೆ. ಪ್ರೈಮರ್3 ಸಾಫ್ಟ್‌ವೇರ್‌ನ ಹಳೇ ಆವೃತ್ತಿಯಲ್ಲಿ ಪೂರ್ವನಿಯೋಜಿತ ಲೆಕ್ಕ 1986ರ ಬ್ರೆಸ್ಲಾವರ್ ಕೋಷ್ಟಕದ್ದು. ಈಗ ಹೆಚ್ಚಿನವರು ಬಳಸುವುದು ಸಾಂಟಾಲೂಸಿಯಾ ಅವರ 1998ರ ಸಂಖ್ಯೆಗಳು. ಒಲಿಗೋಅನಲೈಸರ್ ಅನ್ನೋ ವೆಬ್ ಟೂಲ್ ತೆರೆದ ಕೂಡಲೇ ಸೋಡಿಯಂ 50 ಮಿಲಿಮೋಲಾರ್, ಮ್ಯಾಗ್ನೀಷಿಯಂ ಸೊನ್ನೆ ಅಂತ ಇರುತ್ತದೆ. ನಿಮ್ಮ ಮಾಸ್ಟರ್ ಮಿಕ್ಸ್‌ನಲ್ಲಿ ಮ್ಯಾಗ್ನೀಷಿಯಂ 3ರ ಸುತ್ತ ಇರುತ್ತದೆ. ಅಲ್ಲೇ ಕ್ಯೂಪಿಸಿಆರ್ ಅಂತ ಒಂದು ಆಯ್ಕೆ ಇದೆ, ಅದನ್ನು ಒತ್ತಿದರೆ ಮ್ಯಾಗ್ನೀಷಿಯಂ 3, ಡಿಎನ್‌ಟಿಪಿ (ನಕಲಿಗೆ ಬೇಕಾದ ಬಿಡಿ ಬೇಸ್‌ಗಳು) 0.8 ತಾನೇ ತುಂಬಿಕೊಳ್ಳುತ್ತದೆ. ಅದೇ ಪ್ರೈಮರಿನ ಟಿಎಂ ಹಲವು ಡಿಗ್ರಿ ಏರುವುದನ್ನು ನೋಡಿ. ಡಿಎನ್‌ಟಿಪಿ ಯಾಕೆ ಕೇಳುತ್ತದೆ ಅಂದರೆ ಅದು ಮ್ಯಾಗ್ನೀಷಿಯಂ ಹಿಡಿದಿಟ್ಟುಕೊಳ್ಳುತ್ತದೆ, ಉಳಿದ ಬಿಡಿ ಮ್ಯಾಗ್ನೀಷಿಯಂ ಮಾತ್ರ ಲೆಕ್ಕಕ್ಕೆ.

ಆದ್ದರಿಂದ ಒಂದು ಪ್ರೈಮರಿನ ಟಿಎಂ ಇಲ್ಲಿ, ಇನ್ನೊಂದರದ್ದು ಅಲ್ಲಿ ನೋಡಿ ಹೋಲಿಸಬೇಡಿ. ಎರಡನ್ನೂ ಒಂದೇ ಕಡೆ ಒಂದೇ ಉಪ್ಪಿನಲ್ಲಿ ಹಾಕಿ, ಅಂತರ 2 ಡಿಗ್ರಿಯೊಳಗೆ ಇರಲಿ. ಡೈಮರ್‌ಗೆ ಡೆಲ್ಟಾ ಜಿ (ಅಂಟಿನ ಬಲ, ಕೆಳಗಿಳಿದಷ್ಟೂ ಬಿಗಿ) −9ಕ್ಕಿಂತ ಕೆಳಗೆ ಇಳಿಯಬಾರದು ಅಂತ ಸಾಮಾನ್ಯ ಗಡಿ. ಆದರೆ ಆ ಒಂದೇ ಸಂಖ್ಯೆ ನೋಡಿ ಬಿಡಬೇಡಿ, ಚಿತ್ರ ನೋಡಿ. ನಡುವೆ ಅಂಟಿಕೊಂಡ −8 ಕೆಲವೊಮ್ಮೆ ಉಪದ್ರವ ಕೊಡಲ್ಲ, 3' ತುದಿಯಲ್ಲಿ ಅಂಟಿಕೊಂಡ −6 ಜೀವ ತಿನ್ನುತ್ತದೆ.

ಬಿಎಸ್ಸಿ_ಬೆಂಚು · ಬುಧವಾರ, ಬೆಳಿಗ್ಗೆ 7:48

ಕ್ಷಮಿಸಿ, ದಡ್ಡ ಪ್ರಶ್ನೆ. ಸೈಬರ್ ಗ್ರೀನ್ ಬಿಟ್ಟು ಟಾಕ್‌ಮ್ಯಾನ್ ಪ್ರೋಬ್ ಹಾಕಿದರೆ ಈ ಡೈಮರ್ ಗಲಾಟೆ, ದಾಯಾದಿ ಗಲಾಟೆ ಎರಡೂ ಮುಗಿಯುತ್ತಲ್ವಾ?

ಮಲೆನಾಡ_ಸ್ವಾಬ್ · ಬುಧವಾರ, ಮಧ್ಯಾಹ್ನ 3:10

ದಡ್ಡ ಪ್ರಶ್ನೆ ಅಲ್ಲ ಮಾರಾಯ್ರೆ. ನಾನು ರೋಗ ಪತ್ತೆ ಲ್ಯಾಬಿನವ, ದಿನಾ ಪ್ರೋಬ್‌ನ ಮುಖವೇ ನೋಡುವುದು.

ಪ್ರೋಬ್ ಹಾಕಿದರೆ ಡೈಮರ್ ಕಾಣುವುದಿಲ್ಲ, ಅಷ್ಟೇ. ಅದು ಅಲ್ಲೇ ಕೂತು ಪ್ರೈಮರ್ ತಿಂತಾ ಇರುತ್ತದೆ, ಕಡಿಮೆ ಟೆಂಪ್ಲೇಟ್ ಇದ್ದ ಸ್ಯಾಂಪಲ್ ಕೈಕೊಡುತ್ತದೆ. ಪ್ರೈಮರ್ ಕೆಟ್ಟದಿದ್ದರೆ ಪ್ರೋಬ್ ಉಳಿಸುವುದಿಲ್ಲ. ಬೆಲೆಯೂ ಪ್ರೈಮರಿನ ಹಾಗಲ್ಲ. ಪ್ರೈಮರ್ ತಪ್ಪಿದರೆ ಒಂದು ಊಟದ ದುಡ್ಡು, ಪ್ರೋಬ್ ತಪ್ಪಿದರೆ ಮನೆ ಬಾಡಿಗೆ.

ಕೆಲಸ ಮಾಡುವ ರೀತಿ ಹೀಗೆ. ಪ್ರೋಬ್‌ನ ಒಂದು ತುದಿಯಲ್ಲಿ ಬಣ್ಣ, ಇನ್ನೊಂದು ತುದಿಯಲ್ಲಿ ಅದರ ಬೆಳಕು ನುಂಗುವ ಕ್ವೆಂಚರ್. ಟಾಕ್ ಎನ್‌ಝೈಮ್ ಪ್ರೈಮರಿನಿಂದ ಹೊರಟು ಬರುತ್ತಾ ದಾರಿಯಲ್ಲಿ ಕೂತ ಪ್ರೋಬ್‌ನ್ನು 5' ಕಡೆಯಿಂದ ಕಡಿಯುತ್ತದೆ, ಬಣ್ಣ ಬಿಡುಗಡೆಯಾಗಿ ಹೊಳೆಯುತ್ತದೆ. ಹೆಸರಿನಲ್ಲಿ ಪ್ಯಾಕ್‌ಮ್ಯಾನ್ ಉಂಟು, ಅದೇ ಆಟದ ಬಾಯಿ. ಎನ್‌ಝೈಮ್ ಬರುವ ಮೊದಲೇ ಪ್ರೋಬ್ ಕೂತಿರಬೇಕು, ಅದಕ್ಕೇ ಅದರ ಟಿಎಂ ಪ್ರೈಮರ್‌ಗಿಂತ 8ರಿಂದ 10 ಡಿಗ್ರಿ ಮೇಲೆ. 5' ತುದಿಯಲ್ಲಿ ಜಿ ಬೇಡ, ಪಕ್ಕದ ಜಿ ಫ್ಯಾಮ್ ಬಣ್ಣವನ್ನು ಕಡಿದ ಮೇಲೂ ಮಂಕು ಮಾಡುತ್ತದೆ. ಸಾಲಾಗಿ ನಾಲ್ಕು ಜಿ ಬೇಡ. ಜಿಗಿಂತ ಸಿ ಜಾಸ್ತಿ ಇರಲಿ, ಇಲ್ಲದಿದ್ದರೆ ಎದುರಿನ ಎಳೆಯ ಮೇಲೆ ಪ್ರೋಬ್ ಬರೆಯಿರಿ, ಜಿ ಎಲ್ಲ ಸಿ ಆಗುತ್ತದೆ. ಒಂದೇ ಬೇಸಿನ ವ್ಯತ್ಯಾಸ ಹಿಡಿಯಬೇಕಾದರೆ ಎಂಜಿಬಿ ಪ್ರೋಬ್ (ಬಿಗಿಯಾಗಿ ಅಂಟಿಸುವ ಗುಂಪು ಜೋಡಿಸಿದ ಪ್ರೋಬ್), 13ರಿಂದ 18 ಬೇಸ್ ಸಾಕು, ಚಿಕ್ಕದಾದಷ್ಟೂ ಒಂದು ತಪ್ಪು ಜಾಸ್ತಿ ಚುಚ್ಚುತ್ತದೆ.

ಇಷ್ಟು ನಿಯಮ ಪಾಲಿಸಿದರೂ ಒಂದು ಗುಂಡಿ ಉಂಟು: ಪ್ರೈಮರ್-ಪ್ರೈಮರ್ ನೋಡುತ್ತೇವೆ, ಪ್ರೈಮರ್-ಪ್ರೋಬ್ ನೋಡಲು ಮರೆಯುತ್ತೇವೆ. 2020ರ ಫೆಬ್ರುವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ಮೊದಲ ಕೋವಿಡ್ ಕಿಟ್ ರಾಜ್ಯಗಳ ಲ್ಯಾಬ್‌ಗಳಿಗೆ ಕಳಿಸಿತಲ್ಲ, ನೀರು ಹಾಕಿದ ವೆಲ್‌ಗಳೂ ಪಾಸಿಟಿವ್ ಬಂದವು. ಆಮೇಲೆ ಅವರದೇ ವಿಜ್ಞಾನಿಗಳು ಪ್ರಕಟಿಸಿದ ತನಿಖೆಯಲ್ಲಿ ಎನ್1 ಭಾಗಕ್ಕೆ (ಕಿಟ್‌ನ ಪ್ರೈಮರ್-ಪ್ರೋಬ್ ಸೆಟ್‌ಗಳಲ್ಲಿ ಒಂದು, ಎನ್3 ಇನ್ನೊಂದು) ಕೃತಕ ಟೆಂಪ್ಲೇಟ್ ಸೇರಿಕೊಂಡಿತ್ತು ಅಂತ ಗೊತ್ತಾಯಿತು. ಎನ್3ಯದ್ದು ಕಲಬೆರಕೆ ಅಲ್ಲ, ವಿನ್ಯಾಸ. ರಿವರ್ಸ್ ಪ್ರೈಮರಿನ 3' ತುದಿ ಹೋಗಿ ಪ್ರೋಬ್‌ಗೆ ಅಂಟಿಕೊಂಡು, ವೈರಸ್ಸೇ ಇಲ್ಲದೆ ಪ್ರೋಬ್ ಕಡಿಸಿಕೊಳ್ಳುತ್ತಿತ್ತು. ಎನ್3ಯನ್ನು ಕಿಟ್‌ನಿಂದಲೇ ತೆಗೆದರು.

ತಿರುಗುಮುರುಗಾದ ಕಥೆಯೂ ಉಂಟು. ಆಲ್ಫಾ ತಳಿಯಲ್ಲಿ ಸ್ಪೈಕ್‌ನ 69-70ನೇ ಅಮೈನೋ ಆಸಿಡ್ ಕಳೆದುಹೋಗಿ, ಮೂರು ಜೀನ್ ನೋಡುವ ಕಿಟ್‌ನಲ್ಲಿ ಎಸ್ ಜೀನ್ ಗೆರೆ ಮೇಲೇಳಲೇ ಇಲ್ಲ, ಉಳಿದೆರಡು ಎದ್ದವು. ಬ್ರಿಟನ್ನಿನವರು ಆ ಸೋಲನ್ನೇ ತಳಿ ಎಣಿಸಲು ಬಳಸಿಕೊಂಡರು. 2021ರ ಕೊನೆಗೆ ಓಮಿಕ್ರಾನ್ ಬಿಎ.1 ಬಂದಾಗ ಮತ್ತೆ ಅದೇ ಸುಳಿವು ಕೆಲಸಕ್ಕೆ ಬಂತು. ನಮ್ಮ ಕಡೆಯ ಮಂಗನ ಕಾಯಿಲೆಯ ವೈರಸ್ಸೂ ಆರ್‌ಎನ್‌ಎಯದ್ದೇ. 1957ರಲ್ಲಿ ಕ್ಯಾಸನೂರಿನಲ್ಲಿ ಕಂಡದ್ದು ಇವತ್ತು ಬೇಸ್‌ಗೆ ಬೇಸ್ ಅದೇ ಇರುತ್ತದೆ ಅಂತ ನಂಬಿ ಪ್ರೋಬ್ ಬರೆಯಲು ಆಗುತ್ತದಾ? ಹೊಸ ಸೀಕ್ವೆನ್ಸ್ ಬಂದಾಗೆಲ್ಲ ಹಳೇ ಪ್ರೋಬ್‌ನ್ನು ಅದರ ಪಕ್ಕ ಇಟ್ಟು ನೋಡಬೇಕು.

ರಾಗಿಯಲ್ಲಿ ಒಂದು ಜೀನ್ ಏರಿತಾ ಇಳಿಯಿತಾ ಅಂತ ನೋಡಲು ಸೈಬರ್ ಗ್ರೀನ್ ಸಾಕು. ಪ್ರೋಬ್‌ಗೆ ಆಸೆ ಪಡಬೇಡಿ.

ರಾಗಿಕಣ · ಗುರುವಾರ, ರಾತ್ರಿ 9:17

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಕೂತು ಮೊದಲಿಂದ ಶುರು ಮಾಡಿದೆ. ಗಿಡಗಳ ಜೀನೋಮ್ ಸಂಗ್ರಹವಾದ ಫೈಟೋಝೋಮ್‌ನಿಂದ ರಾಗಿ ಜೀನೋಮ್ ಇಳಿಸಿಕೊಂಡು ನನ್ನ ಭಾಗಶಃ ಸೀಕ್ವೆನ್ಸನ್ನು ಹುಡುಕಿದರೆ ಪೂರ್ತಿ ಹೊಂದುವುದು ಒಂದಲ್ಲ, ಎರಡು ಜೀನ್. ಒಂದು ಎ ಕ್ರೋಮೋಸೋಮ್‌ನಲ್ಲಿ, ಒಂದು ಬಿಯಲ್ಲಿ. ಈಗ ಯಾವುದಕ್ಕೆ ಪ್ರೈಮರ್ ಬರೆಯಲಿ?

ಹಳೇಪಿಪೆಟ್ · ಶುಕ್ರವಾರ, ಬೆಳಿಗ್ಗೆ 6:02

ಇದೇ ಪ್ರಶ್ನೆ ಸೋಮವಾರ ರಾತ್ರಿ ಬರಬೇಕಿತ್ತು. ಇದಕ್ಕೆ ಯಾವ ಸಾಫ್ಟ್‌ವೇರೂ ಉತ್ತರ ಕೊಡಲ್ಲ, ಯಾಕೆಂದರೆ ಅದು ಕೇಳುವುದೇ ಇಲ್ಲ.

ರಾಗಿ ಎರಡು ಹುಲ್ಲುಗಳ ಜೀನೋಮ್ ಒಂದೇ ಮನೆಯಲ್ಲಿ ಸಂಸಾರ ಹೂಡಿದ ಬೆಳೆ. 2ಎನ್=4ಎಕ್ಸ್=36, ಅಂದರೆ ನಾಲ್ಕು ಸೆಟ್‌ನಲ್ಲಿ ಒಟ್ಟು 36 ಕ್ರೋಮೋಸೋಮ್. ಎ ಕಡೆಯದು ಎಲ್ಯುಸಿನ್ ಇಂಡಿಕಾ ವಂಶದ್ದು. ಹೊಲದ ಬದುವಿನಲ್ಲಿ ಕಳೆಯಾಗಿ ಬೆಳೆಯುತ್ತದಲ್ಲ, ನೋಡಲು ರಾಗಿ ಪೈರಿನ ಹಾಗೇ ಇದ್ದು ಕಳೆ ತೆಗೆಯುವವರಿಗೆ ಮೋಸ ಮಾಡುವ ಹುಲ್ಲು, ಅದು. ಹಾಗಾಗಿ ಹೆಚ್ಚಿನ ಜೀನ್‌ಗಳಿಗೆ ಒಂದು ಎ ಪ್ರತಿ, ಒಂದು ಬಿ ಪ್ರತಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಎಂಎಲ್-365 ತಳಿಯ ಜೀನೋಮ್ ಹೊರತಂದಿತು. ನೀನು ಇಳಿಸಿಕೊಂಡಿದ್ದು ಕೆಎನ್ಇ 796-ಎಸ್ ತಳಿಯದು ಇರಬೇಕು. ಅದು ಕ್ರೋಮೋಸೋಮ್ ಮಟ್ಟದ್ದು, ಎ ಮತ್ತು ಬಿ ಬೇರೆಬೇರೆ ಇದೆ, ಈ ಕೆಲಸಕ್ಕೆ ಅದೇ ಬೇಕು.

ನಿನಗೆ ಎರಡು ದಾರಿ. "ಈ ಗಿಡ ಬರದಲ್ಲಿ ಈ ಜೀನಿನ ಒಟ್ಟು ಎಷ್ಟು ಸಂದೇಶ ಬರೆಯುತ್ತದೆ" ಅನ್ನೋದು ಪ್ರಶ್ನೆಯಾದರೆ, ಎರಡೂ ಪ್ರತಿಗಳಲ್ಲಿ ಬೇಸ್‌ಗೆ ಬೇಸ್ ಒಂದೇ ಇರುವ ಜಾಗದಲ್ಲಿ ಪ್ರೈಮರ್ ಇಡು. ಎ ಬರೆಯುತ್ತದಾ, ಬಿ ಬರೆಯುತ್ತದಾ ಅನ್ನೋದು ಪ್ರಶ್ನೆಯಾದರೆ, ಅವೆರಡೂ ಭಿನ್ನವಾಗುವ ಬೇಸ್ ಸರಿಯಾಗಿ ಪ್ರೈಮರಿನ ಕೊನೆಯ ಬೇಸ್ ಆಗಬೇಕು. ನಿನ್ನ ಎರಡು ಪ್ರತಿಗಳನ್ನು ಒಂದರ ಕೆಳಗೊಂದು ಜೋಡಿಸು. ಒಂದು ಕಡೆ ಎ ಪ್ರತಿಯಲ್ಲಿ "ಟಿ-ಜಿ-ಎ-ಸಿ", ಬಿ ಪ್ರತಿಯಲ್ಲಿ "ಟಿ-ಜಿ-ಎ-ಜಿ" ಅಂತ ಸಿಕ್ಕಿತು ಅಂದುಕೋ. ಸಿಯಲ್ಲಿ ಮುಗಿಯುವ ಪ್ರೈಮರ್ ಬಿ ಪ್ರತಿಯ ಎಳೆಯ ಮೇಲೆ ಕೂತರೂ ತುದಿ ಗಾಳಿಯಲ್ಲಿ ತೇಲುತ್ತದೆ, ಟಾಕ್ ಮುಂದುವರಿಸಲು ಒದ್ದಾಡುತ್ತದೆ. ತುದಿಯಲ್ಲಿ ಜಿ-ಟಿ ತಪ್ಪುಜೋಡಿ ಆಗುವ ಜಾಗ ಆರಿಸಬೇಡ, ಅದು ಅರ್ಧಂಬರ್ಧ ಅಂಟಿಕೊಂಡು ಮೋಸ ಮಾಡುತ್ತದೆ. ಸಾಲದಿದ್ದರೆ ತುದಿಯಿಂದ ಎರಡನೆಯದೋ ಮೂರನೆಯದೋ ಬೇಸ್ ಬೇಕೆಂದೇ ತಪ್ಪು ಹಾಕುವುದೂ ಇದೆ. ಇದಕ್ಕೆಲ್ಲ ಪ್ರೂಫ್‌ರೀಡಿಂಗ್ ಎನ್‌ಝೈಮ್ ಬಳಸಬಾರದು, ಅದು ನೀನು ಕಷ್ಟಪಟ್ಟು ಇಟ್ಟ ತುದಿಯನ್ನೇ ಕಡಿದು ತಿದ್ದುತ್ತದೆ.

ಮೂರನೇ ದಾರಿ, ಯಾರೂ ಆರಿಸದೆಯೂ ಬಹಳ ಜನ ನಡೆಯುವ ದಾರಿ: ಪ್ರೈಮರ್ ಎಗೆ ಪೂರ್ತಿ ಹೊಂದುತ್ತದೆ, ಬಿಗೆ ನಡುವೆ ಒಂದು ಬೇಸ್ ತಪ್ಪು. ಎ ಪೂರಾ, ಬಿ ಮುಕ್ಕಾಲೋ ಅರ್ಧವೋ ಅಳೆದಂತಾಗುತ್ತದೆ. ಬರದಲ್ಲಿ ಎ-ಬಿ ಪಾಲು ಬದಲಾದರೆ ಒಟ್ಟು ಬದಲಾದಂತೆ ಕಾಣುತ್ತದೆ. ಮೆಲ್ಟ್ ಕರ್ವ್ ಚೆನ್ನಾಗಿರುತ್ತದೆ, ಸ್ಲೋಪ್ ಚೆನ್ನಾಗಿರುತ್ತದೆ, ಉತ್ತರ ಮಾತ್ರ ಯಾವ ಪ್ರಶ್ನೆಯದ್ದೂ ಅಲ್ಲ.

ಪ್ರೈಮರ್-ಬ್ಲಾಸ್ಟ್‌ನಲ್ಲಿ ನಿನ್ನದೇ ಫಾಸ್ಟಾ ಫೈಲನ್ನು (ಸೀಕ್ವೆನ್ಸ್ ಬರೆದಿಟ್ಟ ಪಠ್ಯ ಫೈಲ್) ಡೇಟಾಬೇಸ್ ಆಗಿ ಕೊಡಬಹುದು, ರಾಗಿಯ ಟ್ರಾನ್ಸ್‌ಕ್ರಿಪ್ಟ್ ಫೈಲ್ ಕೊಡು. ಕಂಪ್ಯೂಟರಿನಲ್ಲೇ ಬ್ಲಾಸ್ಟ್ ಹಾಕುವುದಾದರೆ ಚಿಕ್ಕ ಸೀಕ್ವೆನ್ಸಿನ ಆಯ್ಕೆ, ವರ್ಡ್ ಸೈಜ್ 7, ಮರೀಬೇಡ. ಕೊನೆಯದಾಗಿ, ಜೀನೋಮ್ ಬೇರೆ ತಳಿಯದು, ಬೆಳೆಸಿರುವುದು ಜಿಪಿಯು-28. ಪ್ರಾಡಕ್ಟನ್ನು ಒಮ್ಮೆ ಸ್ಯಾಂಗರ್ ಸೀಕ್ವೆನ್ಸಿಂಗ್‌ಗೆ ಕಳಿಸು, ಬೇಸ್‌ಗಳನ್ನು ನೇರವಾಗಿ ಓದಿಸು.

ರೈನ್_ದಂಡೆ · ಶುಕ್ರವಾರ, ಮಧ್ಯಾಹ್ನ 12:20

ರೆಫರೆನ್ಸ್ ಜೀನ್ (ಬದಲಾಗಲ್ಲ ಅಂತ ನಂಬಿ ಹೋಲಿಕೆಗೆ ಇಡುವ ಜೀನ್) ಒಂದೇ ಇಟ್ಟಿಲ್ಲ ತಾನೇ? ಆಕ್ಟಿನ್ ಬರದಲ್ಲಿ ಅಲ್ಲಾಡಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಮೂರ್ನಾಲ್ಕು ಇಟ್ಟು, ಯಾವುದು ಸ್ಥಿರ ಅಂತ ಲೆಕ್ಕ ಹಾಕುವ ಜಿನಾರ್ಮ್‌ನಲ್ಲಿ ನೋಡಿ. ಅವುಗಳಿಗೂ ಎ-ಬಿ ಎರಡು ಪ್ರತಿ ಇರುತ್ತದೆ ಅನ್ನೋದು ನೆನಪಿರಲಿ.

ಬಿಎಸ್ಸಿ_ಬೆಂಚು · ಶುಕ್ರವಾರ, ಸಂಜೆ 4:05

ನಾನು ಮನುಷ್ಯನ ಕೋಶದಲ್ಲಿ ರೆಫರೆನ್ಸ್ ಜೀನ್ ಆಗಿ ಗ್ಯಾಪ್‌ಡಿಎಚ್ ಮಾಡ್ತಿದೀನಿ. ಇಂಟ್ರಾನ್ ದಾಟಿಸಿಟ್ಟರೆ ನಾನು ಸೇಫ್ ತಾನೇ?

ಮಲೆನಾಡ_ಸ್ವಾಬ್ · ಶುಕ್ರವಾರ, ಸಂಜೆ 4:30

ಇಲ್ಲ ಮಾರಾಯ. ಗ್ಯಾಪ್‌ಡಿಎಚ್‌ಗೆ ನಮ್ಮ ಜೀನೋಮ್‌ನಲ್ಲಿ ಹತ್ತಾರು ಸ್ಯೂಡೋಜೀನ್ (ಕೆಲಸ ಮಾಡದ ನಕಲು ಜೀನ್) ಉಂಟು, ಹೆಚ್ಚಿನವು ಎಂಆರ್‌ಎನ್‌ಎಯೇ ವಾಪಸ್ ಡಿಎನ್‌ಎ ಆಗಿ ಸೇರಿಕೊಂಡದ್ದು. ಅವಕ್ಕೆ ಇಂಟ್ರಾನೇ ಇಲ್ಲ. ನಿನ್ನ ಉಪಾಯ ಅವುಗಳ ಮುಂದೆ ನಡೆಯುವುದಿಲ್ಲ. ಡಿಎನ್‌ಏಸ್ ಹಾಕು.

ರಾಗಿಕಣ · ಮೂರು ವಾರದ ನಂತರ, ಶನಿವಾರ, ಸಂಜೆ 7:36

ಬಂದೆ. ಒಟ್ಟು ಅಳೆಯುವ ದಾರಿ ಹಿಡಿದೆ. ಬಾಲದ ಕಡೆ ಎ-ಬಿ ಒಂದೇ ಇರುವ ಎರಡು ಜಾಗ ಸಿಕ್ಕವು, ನಡುವೆ 96 ಬೇಸ್ ಪೇರ್. ಮೂರು ಜೋಡಿ ತರಿಸಿದೆ, ಎರಡು ಸೋತವು. ಗೆದ್ದದ್ದು ಸಾಫ್ಟ್‌ವೇರ್ ಪಟ್ಟಿಯಲ್ಲಿ ನಾಲ್ಕನೆಯದಾಗಿತ್ತು.

ಎನ್‌ಟಿಸಿ 40 ಸೈಕಲ್‌ವರೆಗೂ ಚಪ್ಪಟೆ. ಮೆಲ್ಟ್ ಒಂದೇ ಶಿಖರ, ಜೆಲ್ ಒಂದೇ ಗೆರೆ. ಸ್ಲೋಪ್ −3.36, ಅಂದರೆ ಶೇ. 98. ಸ್ಯಾಂಗರ್‌ನಲ್ಲಿ ಜಿಪಿಯು-28ದೂ ಅದೇ ಸೀಕ್ವೆನ್ಸ್.

ಹಳೇ ಪ್ರೈಮರ್‌ನಲ್ಲಿ ಬರದ ಗಿಡ 11 ಪಟ್ಟು ಏರಿಕೆ ತೋರಿಸಿತ್ತು. ಹೊಸದರಲ್ಲಿ 4 ಪಟ್ಟು. ಸೀನಿಯರ್ ಮುಖ ಸಪ್ಪಗಾಯಿತು, "ಹಳೇದೇ ಚೆನ್ನಾಗಿತ್ತಲ್ಲಮ್ಮ" ಅಂದರು.

ಒಂದು ಮಾತ್ರ ಉಳಿದಿದೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ವೆಲ್‌ಗಳಲ್ಲಿ ಎರಡು ಸ್ಯಾಂಪಲ್‌ಗೆ ಸಿಟಿ 31 ಬಂದಿದೆ, ಅದೇ ಜಾಗದಲ್ಲಿ ಮೆಲ್ಟ್. ಅದೇ ಸ್ಯಾಂಪಲ್‌ಗಳ ನಿಜವಾದ ಸಿಟಿ 27. ಬಿಡಬಹುದಾ?

ಬಯೋಟೆಕ್_ಬಸವ · ಶನಿವಾರ, ಸಂಜೆ 7:41

ಮೇಡಂ, ನಾ ಈ ಸಲ ಏನೂ ಹೇಳಂಗಿಲ್ಲ. ಸರ್ ಬರ್ಲಿ 😄

ಹಳೇಪಿಪೆಟ್ · ಶನಿವಾರ, ರಾತ್ರಿ 8:20

4 ಸೈಕಲ್ ಅಂತರ ಅಂದರೆ ಹದಿನಾರರಲ್ಲಿ ಒಂದು ಪಾಲು ಜೀನೋಮಿಕ್ ಡಿಎನ್‌ಎ. ಇಂಟ್ರಾನ್ ಇಲ್ಲದ ಜೀನ್, ಮೆಲ್ಟ್‌ನಲ್ಲಿ ಬೇರೆ ಕಾಣಲ್ಲ ಅಂತ ಮೊದಲೇ ಹೇಳಿದ್ದೆ. ಆರ್‌ಎನ್‌ಎ ಉಳಿದಿದ್ದರೆ ಆ ಎರಡಕ್ಕೆ ಇನ್ನೊಮ್ಮೆ ಡಿಎನ್‌ಏಸ್ ಮಾಡಿ ಸಿಡಿಎನ್‌ಎ ಹೊಸದಾಗಿ ತೆಗಿ. ಸೋಮವಾರ ಪ್ಲೇಟ್ ಹಾಕು.

ರಾಗಿಕಣ · ಶನಿವಾರ, ರಾತ್ರಿ 8:22

ಒಂದರದ್ದು ಉಳಿದಿದೆ. ಇನ್ನೊಂದಕ್ಕೆ ಎಲೆ −80ಯಲ್ಲಿ ಇರಬೇಕು, ಹುಡುಕ್ತೀನಿ.